ಗಣಿತವಿದುಷಿ ಏಡಾ ಲವ್ಲೇಸಳ ಚರಿತ್ರೆ

ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಆಸ್ತಿಯು ಎರಡು ವಿಧವಾದದ್ದು. ಹೊಲ, ಮನೆ, ಮಗ್ಗ, ಒಡವೆ ಮುಂತಾದವುಗಳು ಒಂದು ವಿಧದವು. ಇವುಗಳನ್ನು ಕಾಗದದ ಮೇಲೆ ಬರೆದು, ಸಾಕ್ಷಿಗಳ ರುಜು ಹಾಕಿಸಿ, ಪಾಲು ಮಾಡಬಹುದು. ಬುದ್ಧಿ, ಸ್ವಭಾವ, ವಿದ್ಯೆಯ ಮೇಲಣ ಪ್ರೀತಿ, ಕೈಯ ಕಸುಬು ಇವು ಇನ್ನೊಂದು ವಿಧದವು. ಇವುಗಳನ್ನು ಯಾವ ನ್ಯಾಯಸ್ಥಾನವೂ ಪಾಲು ಮಾಡಲಾರದು. ಯಾವ ಸಾಹುಕಾರನೂ ಜಪ್ತು ಮಾಡಲಾರನು. ಮೊದಲನೆಯ ವಿಧದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ದೊರೆಯಬೇಕಾದರೆ ನಮ್ಮ ದೇಶದಲ್ಲಿ ಬಹು ಕಾಲ ಹಿಡಿಯಿತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂಬದು ದೇಶಕ್ಕೆಲ್ಲ ಅನ್ವಯಿಸುವಂತೆ ನಿಶ್ಚಯವಾದದ್ದು 2005ರ ತಿದ್ದುಪಡಿಯಿಂದಲೇ. ಆದರೆ ಎರಡನೆಯ ವಿಧದ ಆಸ್ತಿಯನ್ನು ದೇವರು ಮೊದಲಿನಿಂದಲೂ ಹೆಣ್ಣು ಗಂಡೆಂಬ ಭೇದವಿಲ್ಲದೆ ಹಂಚಿರುವನು. ಅದನ್ನು ಬಳಸಲು ಎಡೆಗೊಡುವದೂ ಕೊಡದಿರುವದೂ ಮಾತ್ರ ಮನುಷ್ಯರ ಕೈಯಲ್ಲಿದೆ.

ಈ ಸ್ಮರಣಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರ ಮನೆಯ ಹೆಣ್ಣುಮಕ್ಕಳು ಇಂದು ಇಂಜಿನಿಯರಿಂಗ ಕಲಿತು, ಬೆಂಗಳೂರು ಪುಣೆಗಳಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ತಮ್ಮ ಮನೆಗಳಿಗೆ ಅವರು ರಜೆಗೆ ಬಂದಾಗ ಅವರ ಬಾಯಲ್ಲಿ ಇನ್ಹೆರಿಟೆನ್ಸ್, ಪಾಲಿಮಾರ್ಫಿಸಮ್ ಎಂಬ ಮಾತುಗಳು ಕೇಳಬರುವವು. ಮೊದಲನೆಯದನ್ನು ಕೇಳಿದ ಹಿರಿಯರು, ಇದೇನು ಆಸ್ತಿಪಾಲಿನ ಮಾತೇ ಎಂದು ಬೆರಗಾಗುವದು ಸಹಜ. ಈ ಎರಡು ಮಾತುಗಳ ಅರ್ಥವನ್ನು ತನ್ನ ಬಾಳಿನಿಂದಲೂ ಬರಹದಿಂದಲೂ ತಿಳಿಯಪಡಿಸುವಂಥ ಒಬ್ಬ ಸ್ತ್ರೀರತ್ನದ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇವೆ.

ಏಡಾಳು 1815ನೆಯ ಇಸವಿ ಡಿಸೆಂಬರ 10ನೆಯ ದಿವಸ ಲಂಡನ್ ನಗರದಲ್ಲಿ ಜನಿಸಿದಳು. ಆಕೆಯ ಪೂರ್ಣನಾಮವು ಆಗಸ್ಟಾ ಏಡಾ ಬಾಯರನ್. ತಂದೆಯಾದ ಲಾರ್ಡ ಬಾಯರನ್ನನು ಆಗಿನ ಯುರೋಪಖಂಡದಲ್ಲೆಲ್ಲ ಹೆಸರಾದ ಕವಿ. ಅವನ ಕವಿತೆಯು ಎಷ್ಟು ಮನೋಹರವೋ ನಡತೆಯು ಅಷ್ಟೇ ಅಂಕೆಯಿಲ್ಲದ್ದಾಗಿತ್ತು. ತಾಯಿಯಾದ ಅನ್ನಾ ಇಸಾಬೆಲ್ಲಾ ಎಂಬವಳು ದೈವಭಕ್ತಿಯುಳ್ಳವಳೂ ಶಿಸ್ತಿನವಳೂ ಆಗಿದ್ದು ಗಣಿತದಲ್ಲಿ ಬಹಳ ಆಸಕ್ತಿಯುಳ್ಳವಳಾಗಿದ್ದಳು. ಇಂಥ ವಿರುದ್ಧ ಸ್ವಭಾವದವರ ಸಂಸಾರವು ಒಂದೇ ವರ್ಷ ನಡೆಯಿತು. ಮಗುವು ಐದು ವಾರದ್ದಿರುವಾಗಲೇ ತಾಯಿಯು ಅದನ್ನು ಎತ್ತಿಕೊಂಡು ತವರುಮನೆಗೆ ಹೊರಟುಹೋದಳು. ಬಾಯರನ್ನನು 1816ರ ಏಪ್ರಿಲ ತಿಂಗಳಲ್ಲಿ ಇಂಗ್ಲಂಡವನ್ನು ಬಿಟ್ಟವನು ತಿರಿಗಿ ಬರಲೇ ಇಲ್ಲ. ಗ್ರೀಕರ ಸ್ವಾತಂತ್ರ್ಯಯುದ್ಧಕ್ಕೆ ನೆರವಾಗಲು ಹೋಗಿ, 1824ರಲ್ಲಿ ಮಿಸಲೊಂಗಿ ಎಂಬ ಊರಲ್ಲಿ ಜ್ವರದಿಂದ ಮರಣಹೊಂದಿದನು. ಆಗ ಏಡಾಳಿಗೆ ಎಂಟು ವರ್ಷ. ತಂದೆಯ ಮುಖವನ್ನು ಆಕೆಯು ತಿಳಿವಳಿಕೆ ಬಂದ ಮೇಲೆ ಒಮ್ಮೆಯಾದರೂ ಕಂಡವಳಲ್ಲ. ಮನೆಯಲ್ಲಿದ್ದ ಅವನ ಭಾವಚಿತ್ರಕ್ಕೂ ತೆರೆಯನ್ನು ಹಾಕಿಟ್ಟಿದ್ದರು. ಇಪ್ಪತ್ತು ವರ್ಷ ತುಂಬುವ ವರೆಗೆ ಅದನ್ನು ಸಹ ಆಕೆಗೆ ತೋರಿಸಲಿಲ್ಲ.

ಮಗಳಲ್ಲಿ ತಂದೆಯ ಗುಣವೆಲ್ಲಿ ತಲೆಯೆತ್ತುವದೋ ಎಂಬ ಭಯವು ತಾಯಿಗೆ ಹಗಲಿರುಳೂ ಇತ್ತು. ಕವಿತೆಯು ಕಲ್ಪನೆಯನ್ನು ಕೆರಳಿಸುವದು, ಗಣಿತವು ಮನಸ್ಸನ್ನು ಹಿಡಿತದಲ್ಲಿಡುವದು ಎಂದು ತಿಳಿದು, ನಾಲ್ಕೈದು ವರ್ಷದ ಕೂಸಿಗೇ ಶಿಕ್ಷಕರನ್ನಿಟ್ಟು ಲೆಕ್ಕ, ಭೂಮಿತಿ, ಭಾಷೆ, ಸಂಗೀತಗಳನ್ನು ಕ್ರಮವಾಗಿ ಕಲಿಸಹತ್ತಿದಳು. ಈ ಶಿಸ್ತು ಕೆಲವೊಮ್ಮೆ ಕಠೋರವಾಗಿತ್ತು. ಅಲುಗಾಡದೆ ಮಲಗಿರುವದನ್ನು ಸಹ ಪಾಠವೆಂದು ಕಲಿಸಲಾಗುತ್ತಿತ್ತು. ಆದರೂ ಈ ತಾಯಿಯನ್ನು ಕಠಿಣಳೆಂದಷ್ಟೇ ಹೇಳಿ ಬಿಡುವದು ನ್ಯಾಯವಲ್ಲ. ಬಡವರ ಮಕ್ಕಳಿಗೆ ಅಕ್ಷರದೊಂದಿಗೆ ಕೈಕಸುಬನ್ನೂ ಕಲಿಸುವದಕ್ಕಾಗಿ ಆಕೆಯು 1834ರಲ್ಲಿ ಈಲಿಂಗ್ ಎಂಬಲ್ಲಿ ಶಾಲೆಯನ್ನು ತೆರೆದಳು. ಇಂಗ್ಲಂಡದ ವಿಶ್ವವಿದ್ಯಾಲಯಗಳ ಬಾಗಿಲುಗಳು ಸ್ತ್ರೀಯರಿಗೆ ಮುಚ್ಚಿದ್ದ ಆ ಕಾಲಕ್ಕೆ ಮಗಳಿಗೆ ಗಂಡುಮಕ್ಕಳಿಗೂ ದುರ್ಲಭವಾದ ಗಣಿತವಿದ್ಯೆಯನ್ನು ಕೊಡಿಸಿದವಳು ಆಕೆಯೇ.

ಆದರೆ ತಾಯಿಯು ಮುಚ್ಚಿಟ್ಟದ್ದು ಇನ್ನೊಂದು ರೂಪದಿಂದ ಹೊರಬಿದ್ದಿತು. ಹನ್ನೆರಡನೆಯ ವಯಸ್ಸಿನಲ್ಲಿ ಏಡಾಳಿಗೆ ಹಾರಬೇಕೆಂಬ ಹಂಬಲ ಹುಟ್ಟಿತು. ಉಳಿದ ಮಕ್ಕಳಾಗಿದ್ದರೆ ಕನಸು ಕಂಡು ಸುಮ್ಮನಾಗುತ್ತಿದ್ದರು. ಈ ಬಾಲಕಿಯಾದರೋ ಹಕ್ಕಿಗಳ ರೆಕ್ಕೆಗೂ ಶರೀರಕ್ಕೂ ಇರುವ ಪ್ರಮಾಣವನ್ನು ವಿಚಾರಿಸಿ, ಕಾಗದ, ರೇಷ್ಮೆ, ತಂತಿ ಇವುಗಳಿಂದ ರೆಕ್ಕೆ ಮಾಡುವ ಬಗೆಯನ್ನು ಯೋಚಿಸಿ, ಉಗಿಯಂತ್ರದಿಂದ ಹಾರುವ ಕುದುರೆಯೊಂದನ್ನೂ ಊಹಿಸಿದಳು. ಹಂಬಲವು ತಂದೆಯದು, ಅಳತೆಯು ತಾಯಿಯದು. 1829ರಲ್ಲಿ ಬಂದ ಗೋಬರದ ಬೇನೆಯಿಂದ ಆಕೆಯ ಕಾಲುಗಳ ಶಕ್ತಿಯು ಹೋಗಿ, ಬಹು ಕಾಲ ಹಾಸಿಗೆಯಲ್ಲಿಯೂ ಬಳಿಕ ಊರುಗೋಲುಗಳ ಮೇಲೂ ಕಳೆಯಬೇಕಾಯಿತು. ಆ ಕಾಲದಲ್ಲಿಯೂ ವ್ಯಾಸಂಗವು ನಿಲ್ಲಲಿಲ್ಲ.

ಆಕೆಯ ಗುರುಗಳಲ್ಲಿ ಇಬ್ಬರನ್ನು ಇಲ್ಲಿ ಹೆಸರಿಸಬೇಕು. ಒಬ್ಬಳು ಮೇರಿ ಸೊಮರ್ವಿಲ್ ಎಂಬ ವಿದುಷಿ. ಸ್ವಂತ ಪ್ರಯತ್ನದಿಂದಲೇ ಗಣಿತವನ್ನು ಕಲಿತು, ಫ್ರೆಂಚ ಪಂಡಿತ ಲಾಪ್ಲಾಸನ ಖಗೋಳಗ್ರಂಥವನ್ನು 1831ರಲ್ಲಿ ಇಂಗ್ಲಿಷ ಓದುಗರಿಗೆ ತಿಳಿಯಪಡಿಸಿದ ಈ ಮಹನೀಯಳನ್ನು ಕಂಡ ಮೇಲೆ, ಸ್ತ್ರೀಯು ಸಂಸಾರವನ್ನೂ ಶಾಸ್ತ್ರವನ್ನೂ ಕೂಡಿ ನಡಿಸಬಲ್ಲಳೆಂಬ ಧೈರ್ಯವು ಏಡಾಳಿಗೆ ಬಂದಿತು. ಇನ್ನೊಬ್ಬನು ಆಗಸ್ಟಸ್ ಡಿ ಮಾರ್ಗನ್ ಎಂಬ ಪ್ರಸಿದ್ಧ ಗಣಿತಜ್ಞ. ಇವನು 1806ರಲ್ಲಿ ನಮ್ಮ ದಕ್ಷಿಣದೇಶದ ಮದುರೆಯಲ್ಲಿ ಜನಿಸಿದವನು. 1840ರಿಂದ ಪತ್ರಗಳ ಮೂಲಕ ಏಡಾಳಿಗೆ ಉಚ್ಚಗಣಿತವನ್ನು ಕಲಿಸಿದನು. ಆಕೆಯ ಶಕ್ತಿಯನ್ನು ಕಂಡು, ಕೇಂಬ್ರಿಜ್ಜಿಗೆ ಸೇರುವ ತರುಣನೊಬ್ಬನಲ್ಲಿ ಇಷ್ಟು ಸಾಮರ್ಥ್ಯವಿದ್ದಿದ್ದರೆ ಅವನು ಸ್ವತಂತ್ರ ಸಂಶೋಧಕನಾಗುತ್ತಿದ್ದನೆಂದು ತಾಯಿಗೆ ಬರೆದನು. ಅದೇ ಪತ್ರದಲ್ಲಿ ಇಷ್ಟು ಆಳವಾದ ಚಿಂತನವನ್ನು ಸ್ತ್ರೀಯ ಶರೀರವು ತಾಳಲಾರದೆಂದು ಅಂಜಿಕೆಯನ್ನೂ ಸೂಚಿಸಿದನು. ಒಳ್ಳೆಯ ಗುರುವಿನ ಮನಸ್ಸಿನಲ್ಲಿಯೂ ಕಾಲದ ಸಂಶಯವು ಹೇಗೆ ಮನೆಮಾಡಿರುವದೆಂಬದಕ್ಕೆ ಇದು ಉದಾಹರಣೆಯು. ಲಂಡನ್ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪದವಿಗಳನ್ನು ತೆರೆದದ್ದು 1878ರಲ್ಲಿ; ಅಷ್ಟರಲ್ಲಿ ಏಡಾಳು ತೀರಿಕೊಂಡು ಇಪ್ಪತ್ತಾರು ವರ್ಷಗಳಾಗಿದ್ದವು.

1833ರ ಜೂನ ತಿಂಗಳಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಏಡಾಳಿಗೆ ಚಾರ್ಲ್ಸ್ ಬ್ಯಾಬೇಜನ ಪರಿಚಯವಾಯಿತು. ಈ ಗಣಿತಜ್ಞನು ಹಲ್ಲುಚಕ್ರಗಳ ಸಹಾಯದಿಂದ ಲೆಕ್ಕದ ಕೋಷ್ಟಕಗಳನ್ನು ತಪ್ಪಿಲ್ಲದೆ ಎಣಿಸುವ ಯಂತ್ರವೊಂದನ್ನು ಕಟ್ಟಲು ಸರಕಾರದ ಹಣದಿಂದ ಆರಂಭಿಸಿದ್ದನು. ಅದರ ಒಂದು ಭಾಗ ಮಾತ್ರ ಸಿದ್ಧವಾಗಿತ್ತು. ನೋಡಬಂದ ಶ್ರೀಮಂತರೆಲ್ಲರೂ ಅದನ್ನು ಆಟಿಗೆಯಂತೆ ನೋಡಿ ಹೋಗುತ್ತಿದ್ದರು. ಏಡಾಳು ಅದರ ಒಳಗಿನ ತತ್ತ್ವವನ್ನು ವಿಚಾರಿಸಿದಳು. ಹೀಗೆ ಆರಂಭವಾದ ಸ್ನೇಹವು ಆಕೆಯ ಜೀವಿತಾಂತದ ವರೆಗೆ ನಡೆಯಿತು.

ಬ್ಯಾಬೇಜನು 1834ರಿಂದ ಇನ್ನೂ ದೊಡ್ಡದಾದ ಬೇರೊಂದು ಯಂತ್ರವನ್ನು ಯೋಚಿಸಹತ್ತಿದನು. ಅದಕ್ಕೆ ಅನಲಿಟಿಕಲ್ ಇಂಜಿನ್ ಎಂದು ಹೆಸರು. ಅದರ ಮರ್ಮವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನೇಕಾರರ ಮನೆಯೊಳಗೆ ಹೊಕ್ಕರೆ ಸಾಕು. ಫ್ರಾನ್ಸದ ಲಿಯಾನ್ ಪಟ್ಟಣದ ಜೋಸೆಫ್ ಮಾರಿ ಜಕಾರ್ಡನು 1804ರ ಸುಮಾರಿಗೆ ರೇಷ್ಮೆಯ ಮಗ್ಗಕ್ಕೆ ಹೊಸ ಸಾಧನವನ್ನು ಜೋಡಿಸಿದನು. ರಟ್ಟಿನ ಪಟ್ಟಿಗಳಲ್ಲಿ ತೂತುಗಳನ್ನು ಹೊಡೆದು, ಅವುಗಳನ್ನು ಸರಪಳಿಯಂತೆ ಹೊಲಿದು, ಮಗ್ಗದ ಮೇಲ್ಭಾಗದಲ್ಲಿ ಸುತ್ತಿಸುವರು. ತೂತು ಇದ್ದಲ್ಲಿ ಹಾಸಿನ ಎಳೆಯು ಮೇಲಕ್ಕೇಳುವದು. ಇಲ್ಲದಲ್ಲಿ ಕೆಳಗೇ ಉಳಿಯುವದು. ನಡುವೆ ಹೊಕ್ಕು ಹಾಯುವದು. ಹೀಗೆ ಒಂದೊಂದು ಪಟ್ಟಿಯೂ ಒಂದೊಂದು ಸಾಲಿನ ಅಪ್ಪಣೆಯಾಗುವದು. ರಬಕವಿ-ಬನಹಟ್ಟಿಯ ಓದುಗರಿಗೆ ಇದು ಬೇಗನೆ ತಿಳಿಯುವ ಸಂಗತಿಯು. ಸೀರೆಯ ಅಂಚು ಸೆರಗುಗಳಲ್ಲಿ ಏಳುವ ಹೂಬಳ್ಳಿಗಳ ಹಿಂದೆ ಇಂಥ ಅಪ್ಪಣೆಗಳ ಸಾಲು ಇರುವದು. ಜಕಾರ್ಡನ ಭಾವಚಿತ್ರವನ್ನೇ ಸುಮಾರು 24,000 ಪಟ್ಟಿಗಳಿಂದ ರೇಷ್ಮೆಯಲ್ಲಿ ನೇಯ್ದಿದ್ದರು. ಅದರ ಒಂದು ಪ್ರತಿಯು ಬ್ಯಾಬೇಜನ ಮನೆಯಲ್ಲಿತ್ತು. ಏಡಾಳೂ ತಾಯಿಯೊಡನೆ 1834ರಲ್ಲಿ ಇಂಗ್ಲಂಡದ ಕಾರಖಾನೆಗಳ ಪ್ರಾಂತದಲ್ಲಿ ಸಂಚರಿಸಿ ಇಂಥ ಮಗ್ಗಗಳನ್ನು ಕಂಡಳು.

ಬ್ಯಾಬೇಜನು ಈ ತೂತಿನ ಪಟ್ಟಿಗಳನ್ನೇ ತನ್ನ ಹೊಸ ಯಂತ್ರಕ್ಕೆ ತೆಗೆದುಕೊಂಡನು. ಆ ಯಂತ್ರದಲ್ಲಿ ಸಂಖ್ಯೆಗಳನ್ನು ಇಡುವ ಉಗ್ರಾಣವೊಂದು, ಅವುಗಳನ್ನು ಕೂಡಿಸಿ ಕಳೆದು ಗುಣಿಸಿ ಭಾಗಿಸುವ ಗಿರಣಿಯೊಂದು. ಯಾವ ಕೆಲಸ ಮಾಡಬೇಕೆಂಬದನ್ನು ಕೆಲವು ಪಟ್ಟಿಗಳು ಹೇಳುವವು. ಯಾವ ಸಂಖ್ಯೆಗಳ ಮೇಲೆ ಮಾಡಬೇಕೆಂಬದನ್ನು ಬೇರೆ ಪಟ್ಟಿಗಳು ಹೇಳುವವು. ಯಂತ್ರವು ಬ್ಯಾಬೇಜನ ಜೀವಮಾನದಲ್ಲಿ ಪೂರ್ಣವಾಗಲಿಲ್ಲ. ಆದರೆ ಇಂದಿನ ಗಣಕಯಂತ್ರದ ಮುಖ್ಯ ಅಂಗಗಳೆಲ್ಲ ಆ ನಕ್ಷೆಯಲ್ಲಿಯೇ ಇದ್ದವು.

ಈ ನಡುವೆ 1835ರ ಜುಲೈ ತಿಂಗಳಲ್ಲಿ ಏಡಾಳಿಗೆ ವಿಲ್ಯಮ್ ಕಿಂಗ್ ಎಂಬ ಕುಲೀನನೊಡನೆ ವಿವಾಹವಾಯಿತು. 1838ರಲ್ಲಿ ಪತಿಗೆ ಅರ್ಲ್ ಆಫ್ ಲವ್ಲೇಸ್ ಎಂಬ ಪದವಿಯು ಬಂದದ್ದರಿಂದ ಆಕೆಯು ಲೇಡಿ ಲವ್ಲೇಸ್ ಎನ್ನಿಸಿಕೊಂಡಳು. ನಾಲ್ಕು ವರ್ಷಗಳಲ್ಲಿ ಇಬ್ಬರು ಗಂಡುಮಕ್ಕಳೂ ಒಬ್ಬ ಮಗಳೂ ಹುಟ್ಟಿದರು. ಹಿರಿಯ ಮಗನಿಗೆ ಬಾಯರನ್ ಎಂದೂ ಮಗಳಿಗೆ ತಾಯಿಯ ಹೆಸರಾದ ಅನ್ನಾ ಇಸಾಬೆಲ್ಲಾ ಎಂದೂ ಹೆಸರಿಟ್ಟಳು. ಒಂದೇ ಮನೆಯಲ್ಲಿ ಕೂಡಿ ಬಾಳಲಾರದೆ ಹೋದವರ ಹೆಸರುಗಳು ಆಕೆಯ ಮಕ್ಕಳಲ್ಲಿ ಹೀಗೆ ಕೂಡಿದವು. ಸಂಸಾರದ ಭಾರವೂ ಶರೀರದ ಅಸ್ವಸ್ಥತೆಯೂ ಇದ್ದಾಗ್ಯೂ ಗಣಿತದ ಅಭ್ಯಾಸವನ್ನು ಆಕೆಯು ಬಿಡಲಿಲ್ಲ.

ಆಕೆಯ ಕೀರ್ತಿಗೆ ಕಾರಣವಾದ ಬರಹವು 1843ರದು. ಬ್ಯಾಬೇಜನು 1840ರಲ್ಲಿ ಇಟಲಿದೇಶದ ಟ್ಯೂರಿನ್ ನಗರದಲ್ಲಿ ತನ್ನ ಯಂತ್ರದ ವಿಷಯವಾಗಿ ಮಾಡಿದ ವಿವರಣೆಯನ್ನು ಕೇಳಿ, ಮೆನಾಬ್ರಿಯಾ ಎಂಬ ಇಂಜಿನಿಯರನು 1842ರಲ್ಲಿ ಫ್ರೆಂಚದಲ್ಲಿ ಲೇಖನವನ್ನು ಪ್ರಕಟಿಸಿದನು. ಏಡಾಳು ಅದನ್ನು ಇಂಗ್ಲಿಷಿಗೆ ಭಾಷಾಂತರಿಸಿ, ಅದಕ್ಕೆ ಏಳು ಟಿಪ್ಪಣಿಗಳನ್ನು ಬರೆದು ಕೂಡಿಸಿದಳು. ಟಿಪ್ಪಣಿಗಳು ಮೂಲಲೇಖನಕ್ಕಿಂತ ಸುಮಾರು ಮೂರು ಪಾಲು ದೊಡ್ಡವಾದವು. ಸ್ತ್ರೀಯ ಹೆಸರನ್ನು ಶಾಸ್ತ್ರದ ಪತ್ರಿಕೆಯಲ್ಲಿ ಕಾಣುವದು ಅಪರೂಪವಾದ್ದರಿಂದ ಮೂರು ಅಕ್ಷರಗಳ ಅಂಕಿತವನ್ನಷ್ಟೇ ಹಾಕಿದಳು. ಅದೇ 1843ರ ಜುಲೈ 1ನೆಯ ದಿವಸ ನಮ್ಮ ಕನ್ನಡನಾಡಿನ ಮಂಗಳೂರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಪಾದ್ರಿಗಳು ಮಂಗಳೂರ ಸಮಾಚಾರವೆಂಬ ಮೊದಲ ಕನ್ನಡ ವರ್ತಮಾನಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರೆಂಬದನ್ನು ನೆನೆದರೆ, ಆ ಕಾಲವು ನಮಗೆ ಎಷ್ಟು ದೂರದ್ದೂ ಎಷ್ಟು ಸಮೀಪದ್ದೂ ಎಂಬದು ತಿಳಿಯುವದು.

ಆ ಟಿಪ್ಪಣಿಗಳಲ್ಲಿ ಮೊದಲನೆಯದರ ವಿಚಾರವು ನಮ್ಮ ಪ್ರಸ್ತುತಕ್ಕೆ ಮುಖ್ಯವಾದದ್ದು. ಮಾಡುವ ಕೆಲಸ ಬೇರೆ, ಕೆಲಸಕ್ಕೆ ಒಳಗಾಗುವ ವಸ್ತುವು ಬೇರೆ. ಇವೆರಡನ್ನೂ ಮನಸ್ಸಿನಲ್ಲಿ ಬೇರ್ಪಡಿಸಿ ತಿಳಿಯಬೇಕೆಂದು ಏಡಾಳು ಅಲ್ಲಿ ವಿವರಿಸಿದಳು. ಯಂತ್ರವು ಸಂಖ್ಯೆಗಳನ್ನು ಎಣಿಸುವದೆಂದು ಎಲ್ಲರೂ ತಿಳಿದಿದ್ದರು. ಆಕೆಯಾದರೋ, ಯಾವ ವಸ್ತುಗಳ ಪರಸ್ಪರ ಸಂಬಂಧಗಳನ್ನು ನಿಯಮಬದ್ಧವಾಗಿ ಬರೆಯಬಹುದೋ ಅವೆಲ್ಲವುಗಳ ಮೇಲೂ ಈ ಯಂತ್ರವು ಕೆಲಸ ಮಾಡಬಲ್ಲದೆಂದು ಕಂಡಳು. ಸಂಗೀತದ ಸ್ವರಗಳ ಸಂಬಂಧವನ್ನು ಹೀಗೆ ಬರೆದುಕೊಟ್ಟರೆ ಯಂತ್ರವು ರಾಗರಚನೆಯನ್ನು ಸಹ ಮಾಡಬಹುದೆಂದು ಸೂಚಿಸಿದಳು. ಮಗ್ಗವು ಹೂವನ್ನೂ ಎಲೆಯನ್ನೂ ನೇಯುವಂತೆ ಇದು ಬೀಜಗಣಿತದ ವಿನ್ಯಾಸಗಳನ್ನು ನೇಯುವದೆಂಬ ಹೋಲಿಕೆಯೂ ಆಕೆಯದೇ. ಯಂತ್ರದ ಜನಕನಾದ ಬ್ಯಾಬೇಜನೂ ಇಷ್ಟು ದೂರ ಇಷ್ಟು ಸ್ಪಷ್ಟವಾಗಿ ಬರೆದಿರಲಿಲ್ಲ. ಲೆಕ್ಕದಲ್ಲಿ ರಾಗವನ್ನು ಕಾಣಬೇಕಾದರೆ ತಾಯಿಯ ಗಣಿತವೊಂದೇ ಸಾಲದು, ತಂದೆಯ ಕಲ್ಪನೆಯೊಂದೇ ಸಾಲದು. ಎರಡೂ ಒಬ್ಬಳಲ್ಲಿಯೇ ಕೂಡಿರಬೇಕು.

ಕಡೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳೆಂಬ ಕಠಿಣವಾದ ಶ್ರೇಣಿಯನ್ನು ಯಂತ್ರದಿಂದ ಎಣಿಸುವ ಕ್ರಮವು ಕೋಷ್ಟಕರೂಪವಾಗಿದೆ. ಇದನ್ನು ಜಗತ್ತಿನ ಮೊದಲನೆಯ ಪ್ರೋಗ್ರಾಮು ಎಂದು ಅನೇಕರು ಕರೆಯುವರು. ಬ್ಯಾಬೇಜನು ಅದಕ್ಕೆ ಮೊದಲೇ ತನ್ನ ಯಂತ್ರಕ್ಕಾಗಿ ಚಿಕ್ಕ ಕ್ರಮಗಳನ್ನು ಬರೆದಿಟ್ಟಿದ್ದನು. ಬರ್ನೂಲಿ ಸಂಖ್ಯೆಗಳ ಬೀಜಗಣಿತವನ್ನು ತಾನು ಮಾಡಿಕೊಟ್ಟೆನೆಂದೂ, ಅದರಲ್ಲಿ ತನ್ನಿಂದಾದ ದೊಡ್ಡ ತಪ್ಪನ್ನು ಏಡಾಳು ಕಂಡುಹಿಡಿದಳೆಂದೂ 1864ರ ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿರುವನು. ಆದುದರಿಂದ ಮೊದಲಿಗಳೆಂಬ ಬಿರುದಿಗಾಗಿ ನಾವು ಹಟ ಹಿಡಿಯಬೇಕಾಗಿಲ್ಲ. ಯಂತ್ರವು ಏನನ್ನು ಮಾಡಬಲ್ಲದೆಂಬದನ್ನು ಎಲ್ಲರಿಗಿಂತ ದೂರಕ್ಕೆ ಕಂಡವಳೆಂಬ ಗೌರವವೇ ಆಕೆಗೆ ಸಾಕಷ್ಟು ದೊಡ್ಡದು. ಅದೇ ಟಿಪ್ಪಣಿಯಲ್ಲಿ, ಯಂತ್ರವು ತಾನಾಗಿ ಯಾವದನ್ನೂ ಹುಟ್ಟಿಸಲಾರದು, ನಾವು ಆಜ್ಞಾಪಿಸಬಲ್ಲದ್ದನ್ನಷ್ಟೇ ಮಾಡಬಲ್ಲದು ಎಂಬ ಎಚ್ಚರಿಕೆಯನ್ನೂ ಆಕೆಯು ಬರೆದಿಟ್ಟಳು. ಯಂತ್ರಗಳು ವಿಚಾರ ಮಾಡಬಲ್ಲವೇ ಎಂದು ಅಲನ್ ಟ್ಯೂರಿಂಗನು 1950ರಲ್ಲಿ ಚರ್ಚಿಸಿದಾಗ ಈ ಮಾತಿಗೆ ಲೇಡಿ ಲವ್ಲೇಸಳ ಆಕ್ಷೇಪವೆಂದು ಹೆಸರಿಟ್ಟು ಉತ್ತರಕೊಡಬೇಕಾಯಿತು.

ಆಕೆಯ ಕಡೆಯ ವರ್ಷಗಳು ದುಃಖಕರವಾದವು. ಕುದುರೆಯ ಜೂಜಿನಲ್ಲಿ ತೊಡಗಿ ಬಹಳ ಸಾಲ ಮಾಡಿಕೊಂಡಳು. ಮನೆತನದ ವಜ್ರಗಳನ್ನು ಒತ್ತೆ ಇಡುವ ವರೆಗೆ ಅದು ಬೆಳೆಯಿತು. ಇದನ್ನು ಮುಚ್ಚಿಡುವದರಿಂದ ಓದುಗರಿಗೆ ಪ್ರಯೋಜನವಿಲ್ಲ. ಬುದ್ಧಿಯು ಎಷ್ಟು ದೊಡ್ಡದಾದರೂ ಅದಕ್ಕೆ ತಕ್ಕ ಕೆಲಸವು ದೊರೆಯದೆ ಹೋದರೆ ಅದು ದಾರಿ ತಪ್ಪುವದುಂಟು. 1850ರಲ್ಲಿ ಆಕೆಯು ತಂದೆಯ ಪೂರ್ವಿಕರ ಮನೆಯಾದ ನ್ಯೂಸ್ಟೆಡ್ಡಿಗೆ ಹೋಗಿ, ಚಿಕ್ಕಂದಿನಿಂದ ತನಗೆ ಮರೆಮಾಡಿದ್ದ ತಂದೆಯ ಮನೆತನವನ್ನು ತನ್ನದೆಂದು ಒಪ್ಪಿಕೊಂಡಳು. ತರುವಾಯ ಗರ್ಭಕೋಶದ ಅರ್ಬುದರೋಗವು ಆಕೆಯನ್ನು ಹಿಡಿಯಿತು. ಅಸಹ್ಯವಾದ ನೋವಿನಲ್ಲಿದ್ದಾಗ ಪ್ರಸಿದ್ಧ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು ಹಾಸಿಗೆಯ ಬಳಿ ಕುಳಿತು ತನ್ನ ಪುಸ್ತಕದಿಂದ ಓದಿ ಹೇಳಿದನು. 1852ರ ನವೆಂಬರ 27ನೆಯ ದಿವಸ ಆಕೆಯು ಪರಲೋಕವನ್ನೈದಿದಳು. ಆಗ ಆಕೆಗೆ ಮೂವತ್ತಾರು ವರ್ಷ. ತಂದೆಯೂ ಮೂವತ್ತಾರನೆಯ ವಯಸ್ಸಿನಲ್ಲಿಯೇ ತೀರಿದ್ದನು. ಆಕೆಯ ಇಚ್ಛೆಯಂತೆ ಹಕ್ನಲ್ ಎಂಬ ಊರಿನ ದೇವಾಲಯದಲ್ಲಿ, ಬದುಕಿರುವಾಗ ನೋಡದ ತಂದೆಯ ಪಕ್ಕದಲ್ಲಿ, ಆಕೆಯನ್ನು ಹೂಳಿದರು.

ನೂರು ವರ್ಷಗಳಿಗೂ ಹೆಚ್ಚು ಕಾಲ ಆಕೆಯ ಹೆಸರು ಕೆಲವೇ ಪಂಡಿತರಿಗೆ ತಿಳಿದಿತ್ತು. ಅಮೇರಿಕದ ರಕ್ಷಣಾ ಇಲಾಖೆಯವರು ಗಣಕಯಂತ್ರಗಳಿಗೆ ಆಜ್ಞೆ ಕೊಡುವದಕ್ಕಾಗಿ ಮಾಡಿಸಿದ ಹೊಸ ಭಾಷೆಗೆ 1979ರಲ್ಲಿ ಏಡಾ ಎಂದು ನಾಮಕರಣ ಮಾಡಿದರು. ಆಕೆಯ ಜನ್ಮದಿನವಾದ ಡಿಸೆಂಬರ 10ರಂದೇ 1980ರಲ್ಲಿ ಅದರ ನಿಯಮಗ್ರಂಥಕ್ಕೆ ಒಪ್ಪಿಗೆ ದೊರೆಯಿತು. ಗ್ರಂಥದ ಸಂಖ್ಯೆಯನ್ನು ಆಕೆಯ ಜನ್ಮವರ್ಷವಾದ 1815 ಎಂದೇ ಇಟ್ಟರು. 1995ರಲ್ಲಿ ಆ ಭಾಷೆಯನ್ನು ಪರಿಷ್ಕರಿಸಿದಾಗ ಇನ್ಹೆರಿಟೆನ್ಸ್, ಪಾಲಿಮಾರ್ಫಿಸಮ್ ಎಂಬ ಎರಡು ಶಕ್ತಿಗಳೂ ಅದಕ್ಕೆ ಪೂರ್ಣವಾಗಿ ಬಂದವು. ಈ ಮಾರ್ಗದ ಭಾಷೆಗಳಲ್ಲಿ ಅಂತರರಾಷ್ಟ್ರೀಯ ಪ್ರಮಾಣವೆಂದು ಮೊದಲು ಅಂಗೀಕೃತವಾದದ್ದು ಅದೇ. ಈಗ ಆ ಎರಡು ಮಾತುಗಳನ್ನು ಬಿಡಿಸಿ ಹೇಳುತ್ತೇವೆ.

ಈ ಮಾರ್ಗವನ್ನು ಹಾಕಿದವರು ನಾರ್ವೆ ದೇಶದ ಓಲೆ-ಯೋಹಾನ್ ದಾಲ್, ಕ್ರಿಸ್ಟೆನ್ ನೀಗಾರ್ಡ್ ಎಂಬಿಬ್ಬರು. ಅವರು 1967ರಲ್ಲಿ ಪ್ರಕಟಿಸಿದ ಸಿಮುಲಾ ಎಂಬ ಭಾಷೆಯಲ್ಲಿ ಪ್ರೋಗ್ರಾಮನ್ನು ವಸ್ತುಗಳ ಸಮೂಹವೆಂದು ಭಾವಿಸಿದರು. ಒಂದೊಂದು ವಸ್ತುವಿನಲ್ಲಿಯೂ ಅದರ ಗುಣಗಳೂ ಅದು ಮಾಡಬಲ್ಲ ಕೆಲಸಗಳೂ ಕೂಡಿಯೇ ಇರುವವು. ಒಂದೇ ಜಾತಿಯ ವಸ್ತುಗಳ ಲಕ್ಷಣವನ್ನು ಒಮ್ಮೆ ಬರೆದಿಟ್ಟದ್ದಕ್ಕೆ ವರ್ಗವೆಂದು ಹೆಸರು. ಸುಂಕದ ಕಟ್ಟೆಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನೂ ಬಸ್ಸುಗಳನ್ನೂ ಕುರಿತು ಯೋಚಿಸುವಾಗ, ಇವೆರಡಕ್ಕೂ ಸಮಾನವಾದದ್ದನ್ನು ವಾಹನವೆಂದು ಒಮ್ಮೆ ಬರೆದು, ಲಾರಿಗೂ ಬಸ್ಸಿಗೂ ವಿಶೇಷವಾದದ್ದನ್ನಷ್ಟೇ ಬೇರೆ ಬರೆದರೆ ಸಾಕಲ್ಲವೇ ಎಂಬ ವಿಚಾರವು ಅವರಿಗೆ ಹೊಳೆಯಿತು. ಹೀಗೆ ಮೂಲವರ್ಗದ ಗುಣಗಳು ಮರಿವರ್ಗಕ್ಕೆ ತಾವಾಗಿಯೇ ಬರುವದೇ ಇನ್ಹೆರಿಟೆನ್ಸ್. ನಮ್ಮ ಪ್ರಾಂತದ ಉದಾಹರಣೆಯಿಂದ ಹೇಳುವದಾದರೆ, ಮುಧೋಳದ ನಾಯಿಯನ್ನು ವರ್ಣಿಸುವವನು ಅದಕ್ಕೆ ನಾಲ್ಕು ಕಾಲು, ಎರಡು ಕಿವಿ, ಒಂದು ಬಾಲವೆಂದು ಆರಂಭಿಸುವದಿಲ್ಲ. ಅವೆಲ್ಲ ನಾಯಿಯೆಂಬ ಮಾತಿನಲ್ಲಿಯೇ ಬಂದವು. ತೆಳ್ಳಗಿನ ಮೈ, ಉದ್ದವಾದ ಮೋರೆ, ಕಣ್ಣಿನಿಂದಲೇ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ವೇಗ ಇಷ್ಟನ್ನೇ ಹೇಳುವನು. ನಾಯಿಯೆಂಬದು ಮೂಲವರ್ಗ, ಮುಧೋಳದ ನಾಯಿಯು ಅದರ ಮರಿವರ್ಗ, ಮನೆಯ ಬಾಗಿಲಲ್ಲಿ ಮಲಗಿರುವ ಒಂದು ನಾಯಿಯು ವಸ್ತು.

ಮರಿವರ್ಗವು ಮೂಲದಿಂದ ಬಂದದ್ದನ್ನೆಲ್ಲ ಹಾಗೆಯೇ ನಡಿಸಬೇಕೆಂಬ ನಿರ್ಬಂಧವಿಲ್ಲ. ಅದೇ ಹೆಸರಿನ ಕೆಲಸವನ್ನು ತನ್ನ ರೀತಿಯಿಂದ ಮಾಡುವೆನೆಂದು ಅದು ಹೇಳಬಹುದು. ಇದರಿಂದಲೇ ಪಾಲಿಮಾರ್ಫಿಸಮ್, ಎಂದರೆ ಬಹುರೂಪತೆಯು, ಉಂಟಾಗುವದು. ಬನಹಟ್ಟಿಯ ಒಬ್ಬ ಯಜಮಾನನ ಮನೆಯಲ್ಲಿ ಒಂದು ಕುಣಿಮಗ್ಗ, ಒಂದು ವಿದ್ಯುತ್ತಿನ ಮಗ್ಗ, ಒಂದು ಜಕಾರ್ಡ ಮಗ್ಗ ಇವೆಯೆಂದು ಭಾವಿಸೋಣ. ಯಜಮಾನನು ಹೇಳುವದು ನೇಯಿರೆಂಬ ಒಂದೇ ಮಾತು. ಕುಣಿಮಗ್ಗವು ಕಾಲ ತುಳಿತದಿಂದ, ವಿದ್ಯುತ್ತಿನ ಮಗ್ಗವು ಮೋಟಾರಿನಿಂದ, ಜಕಾರ್ಡ ಮಗ್ಗವು ತೂತಿನ ಪಟ್ಟಿಯನ್ನನುಸರಿಸಿ ನೇಯುವವು. ಅಪ್ಪಣೆಯು ಒಂದು, ನಡೆಸುವ ರೀತಿಯು ಮೂರು, ಯಾವ ರೀತಿಯೆಂಬದನ್ನು ಅಪ್ಪಣೆ ಪಡೆದ ಮಗ್ಗವೇ ಬಲ್ಲದು. ನಾಳೆ ಲಾಳಿಯೇ ಇಲ್ಲದ ಹೊಸ ಮಗ್ಗವೊಂದನ್ನು ತಂದು ನಿಲ್ಲಿಸಿದರೂ ಯಜಮಾನನು ತನ್ನ ಮಾತನ್ನು ಬದಲಿಸಬೇಕಾಗಿಲ್ಲ. ದೊಡ್ಡ ಪ್ರೋಗ್ರಾಮುಗಳನ್ನು ಕಟ್ಟುವವರಿಗೆ ಇದೇ ಮಹಾ ಉಪಕಾರ. ಹೊಸದನ್ನು ಸೇರಿಸುವಾಗ ಹಳೆಯದನ್ನು ಒಡೆಯಬೇಕಾಗುವದಿಲ್ಲ. ಆದರೆ ಮಗ್ಗವೆಂಬ ಮೂಲವರ್ಗದ ಲಕ್ಷಣದಲ್ಲಿ ಹಾಸು ಹೊಕ್ಕುಗಳಷ್ಟೇ ಇರಬೇಕು. ಎಲ್ಲ ಮಗ್ಗಕ್ಕೂ ಲಾಳಿಯಿರುವದೆಂದು ಅಲ್ಲಿ ಬರೆದಿಟ್ಟರೆ, ಲಾಳಿಯಿಲ್ಲದ ಹೊಸ ಮಗ್ಗಕ್ಕೆ ಸುಳ್ಳು ಆಸ್ತಿಯನ್ನು ಕಟ್ಟಿದಂತಾಗುವದು. ಮುಂದಿನವರ ಮೇಲೆ ಏನನ್ನು ಹೊರಿಸಬೇಕು, ಏನನ್ನು ಹೊರಿಸಬಾರದೆಂಬ ವಿವೇಕವೇ ಈ ವಿದ್ಯೆಯ ಕಠಿಣವಾದ ಭಾಗವು.

ಏಡಾಳೇ ಈ ಮಾರ್ಗವನ್ನು ಕಂಡುಹಿಡಿದಳೆಂದು ನಾವು ಹೇಳುವದಿಲ್ಲ. ಆಕೆಯು ಕೆಲಸವನ್ನೂ ವಸ್ತುವನ್ನೂ ಬೇರ್ಪಡಿಸಿದಳು. ನಾರ್ವೆಯವರು ಅವುಗಳನ್ನು ತಿರಿಗಿ ಒಂದೇ ಗಂಟಿನಲ್ಲಿ ಕಟ್ಟಿದರು. ಮೇಲ್ನೋಟಕ್ಕೆ ಇವು ವಿರುದ್ಧವಾಗಿ ತೋರುವವು. ಆದರೆ ನೇಯುವದೆಂಬ ಮಾತನ್ನು ಯಾವದೊಂದು ಮಗ್ಗಕ್ಕೂ ಅಂಟಿಕೊಳ್ಳದಂತೆ ಬಿಡಿಸಿ ತಿಳಿದವನು ಮಾತ್ರ ಅದೇ ಮಾತನ್ನು ಮೂರು ಮಗ್ಗಗಳಿಗೂ ಹೇಳಬಲ್ಲನು. ಸಂಖ್ಯೆಗೂ ಸ್ವರಕ್ಕೂ ಒಂದೇ ಯಂತ್ರವು ಸಾಕೆಂಬ ಆಕೆಯ ಕಾಣ್ಕೆಯು ಬಹುರೂಪತೆಯ ವಿಚಾರಕ್ಕೆ ಅಷ್ಟು ಸಮೀಪದ್ದಾಗಿದೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಒಂದು ವರ್ಗಕ್ಕೆ ಇಬ್ಬರು ಜನಕರಿರಬಹುದೇ ಎಂಬದು ಈ ವಿದ್ಯೆಯಲ್ಲಿ ಹಳೆಯ ಚರ್ಚೆಯು. ಒಂದೇ ಹೆಸರಿನ ಕೆಲಸವನ್ನು ಒಬ್ಬ ಜನಕನು ಒಂದು ರೀತಿಯಾಗಿಯೂ ಇನ್ನೊಬ್ಬನು ಬೇರೆ ರೀತಿಯಾಗಿಯೂ ಕೊಟ್ಟಿದ್ದರೆ, ಮರಿಯು ಯಾರನ್ನು ಅನುಸರಿಸಬೇಕು? ಸಿ ಪ್ಲಸ್ ಪ್ಲಸ್ ಎಂಬ ಭಾಷೆಯು ಇಬ್ಬರನ್ನೂ ಒಪ್ಪಿ, ತೊಡಕನ್ನು ಬಿಡಿಸುವ ಭಾರವನ್ನು ಬರೆಯುವವನಿಗೆ ಬಿಟ್ಟಿದೆ. ಜಾವಾ ಭಾಷೆಯು ಒಂದು ವರ್ಗಕ್ಕೆ ಒಂದೇ ಮೂಲವರ್ಗವೆಂದು ವಿಧಿಸಿದೆ. ಏಡಾಳ ಹೆಸರಿನ ಭಾಷೆಯಲ್ಲಿಯೂ 1995ರ ನಿಯಮವು ಹಾಗೆಯೇ ಇತ್ತು. ಆಕೆಯ ತಾಯಿಯು ಮಗಳಿಗೆ ಇಂಥದೇ ನಿಯಮವನ್ನು ವಿಧಿಸಬಯಸಿದ್ದಳು. ತನ್ನೊಬ್ಬಳದೇ ಆಸ್ತಿಯು ಮಗಳಿಗೆ ಸಾಕೆಂದಳು. ಯಂತ್ರಕ್ಕೆ ಇದು ಒಳ್ಳೆಯ ನಿಯಮವಾಗಬಹುದು. ಮನುಷ್ಯರ ಮಗಳಲ್ಲಿ ಅದು ನಡೆಯಲಿಲ್ಲ. ನಡೆದಿದ್ದರೆ ಆ ಟಿಪ್ಪಣಿಗಳೂ ಹುಟ್ಟುತ್ತಿರಲಿಲ್ಲ.

ಏಡಾಳ ಮಗಳ ವಿಷಯವಾಗಿಯೂ ಒಂದು ಮಾತು. ಅನ್ನಾ ಇಸಾಬೆಲ್ಲಾ ಬೆಳೆದು ಲೇಡಿ ಆನ್ ಬ್ಲಂಟ್ ಎಂದು ಹೆಸರಾದಳು. ಆಕೆಯು ಅರಬ್ಬಿಭಾಷೆಯನ್ನು ಕಲಿತು, ಅರಬಸ್ಥಾನದ ಮರುಭೂಮಿಯಲ್ಲಿ ಪ್ರಯಾಣಮಾಡಿ, 1878ರಲ್ಲಿ ಪತಿಯೊಡನೆ ಇಂಗ್ಲಂಡದಲ್ಲಿ ಅರಬ್ಬಿ ಕುದುರೆಗಳ ತಳಿಯನ್ನು ಬೆಳೆಸುವ ಶಾಲೆಯನ್ನು ಸ್ಥಾಪಿಸಿದಳು. ತಾಯಿಯು ಕುದುರೆಯ ಜೂಜಿನಲ್ಲಿ ಸಂಪತ್ತನ್ನು ಕಳೆದಳು. ಮಗಳು ಕುದುರೆಗಳ ವಂಶಾವಳಿಯನ್ನು ಶ್ರದ್ಧೆಯಿಂದ ಬರೆದಿಟ್ಟು ಒಂದು ಶ್ರೇಷ್ಠ ತಳಿಯನ್ನು ಉಳಿಸಿದಳು. ಕುದುರೆಯ ಮೇಲಣ ಪ್ರೀತಿಯು ಒಂದೇ. ಅದು ತಾಳಿದ ರೂಪವು ಬೇರೆ.

ಕರ್ತನು ಹೇಳಿದ ತಲಾಂತುಗಳ ಸಾಮ್ಯವು ನಮ್ಮ ಶಾಲೆಯಲ್ಲಿ ಓದಿದವರೆಲ್ಲರಿಗೂ ನೆನಪಿರುವದು. ತನಗೆ ಬಂದದ್ದನ್ನು ನೆಲದಲ್ಲಿ ಹೂಳಿ, ಬಂದಂತೆಯೇ ಹಿಂದಿರುಗಿಸಿದ ಆಳಿಗೆ ಅಲ್ಲಿ ಪ್ರಶಂಸೆಯು ದೊರೆಯಲಿಲ್ಲ. ಆತ್ಮನು ಒಬ್ಬನೇ, ವರಗಳು ಬೇರೆ ಬೇರೆ ಎಂದು ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬೋಧಿಸಿದ್ದೂ ಇದೇ ಅರ್ಥವುಳ್ಳದ್ದು. ತಾಯಂದಿರೂ ತಂದೆಗಳೂ ಇದನ್ನು ವಿಚಾರಿಸಬೇಕು. ಮಗಳಿಗೆ ಏನನ್ನು ಕೊಡಬೇಕೆಂದು ನಾವು ಬಹಳ ಚಿಂತಿಸುವೆವು. ಅವಳಿಗೆ ಆಗಲೇ ಏನು ಬಂದಿರುವದೆಂದು ನೋಡುವದನ್ನು ಮರೆಯುವೆವು. ನೇಕಾರನ ಮಗಳ ಎಣಿಕೆಯ ಕಣ್ಣು, ಒಕ್ಕಲಿಗನ ಮಗಳ ತಾಳ್ಮೆ, ಉಪಾಧ್ಯಾಯಿನಿಯ ಮಗಳ ಮಾತಿನ ಸ್ಪಷ್ಟತೆ ಇವೆಲ್ಲ ಬರೆದಿಡದ ಆಸ್ತಿಗಳು. ಅವುಗಳಿಗೆ ತೆರೆಯನ್ನು ಹಾಕಿ ಮುಚ್ಚಬಾರದು. ತಾಯಿಯು ನಡಿಸಿದ ರೀತಿಯಿಂದಲೇ ನಡಿಸಬೇಕೆಂದು ಒತ್ತಾಯಿಸಲೂ ಬಾರದು. ವಿದ್ಯೆಯನ್ನು ಕೊಟ್ಟು, ದೊಡ್ಡ ಕೆಲಸಕ್ಕೆ ಎಡೆಯನ್ನು ಕೊಟ್ಟರೆ, ಅದೇ ಮನೆಯ ಗುಣವು ಮಗಳ ಕೈಯಲ್ಲಿ ಹೊಸ ರೂಪವನ್ನು ತಾಳುವದು. ನಮ್ಮ ಹೆಣ್ಣುಮಕ್ಕಳಿಗೆ ಅಂಥ ಎಡೆಯನ್ನು ಕೊಡುವ ಮನಸ್ಸನ್ನು ಸರ್ವದಯಾಪರನಾದ ದೇವರು ನಮಗೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.